ಎಪಾಂಗ್ ಅಜ್ಜಿಯ ಬಿಬಿಂಗ್ಕ, ಮೇಯರ್ ಸಾಹೇಬರ ನಗುಮುಖ

ಮಲಿನಾವ್ ಊರಿನ ಶಾಲೆ ಹೆಸರಿಗೆ ಸರ್ಕಾರಿ ಶಾಲೆ. ನಡೆಯುತ್ತಿದ್ದದ್ದು ಮಾತ್ರ ಬಿಬಿಂಗ್ಕದಿಂದ. ಇದು ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬೇಕಾದ ಹೊತ್ತಿನಲ್ಲೆಲ್ಲ ಬಾಯಿ ತುಂಬ ಬಿಬಿಂಗ್ಕವೇ ಇರುತ್ತಿತ್ತು.

ಅದನ್ನು ಬೇಯಿಸುತ್ತಿದ್ದವಳು ಎಸ್ತೆಫಾನಿಯಾ. ಊರವರಿಗೆ ಲೋಲಾ ಎಪಾಂಗ್, ಅಂದರೆ ಎಪಾಂಗ್ ಅಜ್ಜಿ. ನೆನೆಸಿದ ಅಕ್ಕಿಯನ್ನು ಒರಳಿನಲ್ಲಿ ರುಬ್ಬಿ, ತೆಂಗಿನಹಾಲು, ಬಾತುಕೋಳಿ ಮೊಟ್ಟೆ, ಸಕ್ಕರೆ ಬೆರೆಸಿ, ಬಾಳೆಲೆ ಹಾಸಿದ ಮಣ್ಣಿನ ಬಟ್ಟಲಿಗೆ ಹೊಯ್ದು, ಕೆಳಗೆ ಕೆಂಡ, ಮೇಲೆ ತಗಡಿನ ಮುಚ್ಚಳದ ತುಂಬ ಮತ್ತೆ ಕೆಂಡ ಇಟ್ಟು ಬೇಯಿಸುತ್ತಿದ್ದಳು. "ಮೇಲೂ ಬೆಂಕಿ, ಕೆಳಗೂ ಬೆಂಕಿ. ಮಧ್ಯದಲ್ಲಿ ನಾನಿದೀನಲ್ಲ, ಹಾಗೆ ಮೆತ್ತಗೆ ಉಬ್ಬಬೇಕು" ಎನ್ನುತ್ತಿದ್ದಳು.

ಮೇಲಿನ ಬೆಂಕಿ ಗಂಡ ಆಂಬೋ. ಕೋಳಿ ಅಂಕದಲ್ಲಿ ಕಾದಾಡುವ ಹುಂಜಗಳನ್ನು ಸಾಕುವುದೇ ಅವನ ಉದ್ಯೋಗ, ಧರ್ಮ, ವೇದಾಂತ. ಬೆಳಿಗ್ಗೆ ಎದ್ದರೆ ಹುಂಜಕ್ಕೆ ಸ್ನಾನ ಮಾಡಿಸಿ, ಕಾಲು ನೀವಿ, ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದ. "ಮದುವೆಯಾದಾಗಿನಿಂದ ನನ್ನ ಕಿವೀಲಿ ಒಂದು ಮಾತು ಪಿಸುಗುಟ್ಟಿದ್ದಿಲ್ಲ ಈ ಮನುಷ್ಯ" ಎಂದು ಅಜ್ಜಿ ಹೇಳಿದರೆ, "ನೀನು ಅಂಕದಲ್ಲಿ ಗೆದ್ದು ಬಂದಿದೀಯಾ?" ಎಂದು ಆಂಬೋ ಕೇಳುತ್ತಿದ್ದ. ಕೆಳಗಿನ ಬೆಂಕಿ ದೊಡ್ಡ ಮಗಳು ನೋರ್ಮಾ. ಪುರಸಭೆ ಕಚೇರಿಯಲ್ಲಿ ಗುಮಾಸ್ತೆ, ಶಾಲೆಯ ಪೋಷಕರ ಸಂಘಕ್ಕೆ ಕಾರ್ಯದರ್ಶಿ. ಮದುವೆಯಾಗಿರಲಿಲ್ಲ. ಮೇಯರ್ ಗೋದಿಂಗ್ ಅವರು ಸೀನಿದರೆ ಕೆಮ್ಮಿನ ಔಷಧಿ ಹುಡುಕುವಷ್ಟು ನಿಷ್ಠೆ. ಇನ್ನು ಬಾಡಿಗೆಗೆ ಟ್ರೈಸಿಕಲ್ ಓಡಿಸುವ ಮಗ ದಾದೋ, ಅವನ ಮಗಳು ಆರನೇ ಕ್ಲಾಸಿನ ಜೆಲ್ಲಿನ್. ಎಲ್ಲರೂ ಒಂದೇ ಸೂರು, ಒಂದೇ ಊಟದ ಮೇಜು.

ಶಾಲೆ ತೆರೆಯುವ ಮುಂಚಿನ ವಾರ ಅಪ್ಪ-ಅಮ್ಮಂದಿರೆಲ್ಲ ಸೇರಿ ಬೆಂಚಿಗೆ ಬಣ್ಣ ಬಳಿಯಬೇಕೆ? ಬಿಬಿಂಗ್ಕ. ಶಿಕ್ಷಕರ ದಿನಾಚರಣೆ? ಬಿಬಿಂಗ್ಕ. ಮೇಲಿನಿಂದ ತಪಾಸಣೆಗೆ ಬರುವ ಅಧಿಕಾರಿಗಳು ಹಾಜರಿ ಪುಸ್ತಕದ ಕಡೆ ಕಣ್ಣು ಹಾಯಿಸುವ ಮುಂಚೆ ಗಾಳಿಗೆ ಮೂಗೊಡ್ಡಿ ನೋಡುತ್ತಿದ್ದರು. ಬಾಳೆಲೆ ಸುಟ್ಟ ವಾಸನೆ ಬಂದರೆ ಶಾಲೆಯ ಗುಣಮಟ್ಟ ಉತ್ತಮ.

ಮೇಯರ್ ಗೋದಿಂಗ್ ಅವರ ಕೊಡುಗೆಯೂ ಕಡಿಮೆಯದಲ್ಲ. ಅವರು ತಮ್ಮ ಮುಖವನ್ನೇ ಊರಿಗೆ ಕೊಟ್ಟಿದ್ದರು. ಕಸದ ತೊಟ್ಟಿ, ನೀರಿನ ಟ್ಯಾಂಕು, ಆಂಬುಲೆನ್ಸು, ಮಕ್ಕಳ ಚೀಲ, ಬೀಸಣಿಗೆ, ಬಡವರಿಗೆ ಉಚಿತವಾಗಿ ಹಂಚುವ ಶವಪೆಟ್ಟಿಗೆ, ಎಲ್ಲದರ ಮೇಲೂ ಮೂವತ್ತೆರಡು ಹಲ್ಲಿನ ಅದೇ ನಗು. ಶಾಲೆಗೆ ಅವರು ಕಟ್ಟಿಸಿಕೊಟ್ಟ ಹೆಣ್ಣುಮಕ್ಕಳ ಶೌಚಾಲಯದ ಗೋಡೆಯ ಮೇಲೂ ಅವರ ಹೆಸರು ಹೊಳೆಯುವ ಟೈಲ್ಸಿನಲ್ಲಿತ್ತು. ಬಾಗಿಲು ಮಾತ್ರ ಇರಲಿಲ್ಲ. ಬಾಗಿಲು ಎರಡನೇ ಹಂತದ ಕಾಮಗಾರಿ.

ಇದು ಅಜ್ಜಿಗೆ ಗೊತ್ತೇ ಇರಲಿಲ್ಲ. ಅವಳು ಶಾಲೆಗೆ ಹೋದರೆ ಬುಟ್ಟಿ ಹೊತ್ತು ನೇರವಾಗಿ ಶಿಕ್ಷಕರ ಕೋಣೆಗೆ ಹೋಗಿ, ಖಾಲಿ ಬುಟ್ಟಿ ಹೊತ್ತು ನೇರವಾಗಿ ಮನೆಗೆ ಬರುತ್ತಿದ್ದಳು. ಗೊತ್ತಾದದ್ದು ಜೆಲ್ಲಿನ್‌ಗೆ ಚಳಿಜ್ವರ ಹತ್ತಿ, ಹೊಟ್ಟೆ ಹಿಡಿದುಕೊಂಡು ಹೊರಳಾಡಿದಾಗ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ, "ಉರಿಮೂತ್ರ. ನೀರೇ ಕುಡಿಯಲ್ವಾ ಮಗಳೇ ನೀನು?" ಎಂದು ಕೇಳಿದರು.

"ಕುಡಿದ್ರೆ ಹೋಗ್ಬೇಕಾಗುತ್ತಲ್ಲ" ಎಂದಳು ಜೆಲ್ಲಿನ್, ಗೋಡೆ ನೋಡುತ್ತ.

"ಹೋದ್ರೆ ಏನಾಯ್ತೇ?" ಎಂದಳು ಅಜ್ಜಿ.

"ಬಾಗಿಲೇ ಇಲ್ಲ, ಲೋಲಾ. ಹುಡುಗರು ಇಣುಕ್ತಾರೆ. ನಾವ್ಯಾರೂ ಹೋಗಲ್ಲ. ಮನೆಗೆ ಬರೋ ತನಕ ತಡ್ಕೋತೀವಿ."

"ಮತ್ತೆ ದಿನಾ ಬಾಟ್ಲಿ ತುಂಬ ನಿಂಬೆ ಶರಬತ್ತು ಮಾಡಿ ಕೊಡ್ತೀನಲ್ಲ? ಖಾಲಿ ಮಾಡ್ಕೊಂಡೇ ಬರ್ತೀಯಾ!"

"ಗೇಟಿನ ಹತ್ರ ಕಾಗದದ ಹೂವಿನ ಗಿಡಕ್ಕೆ ಹಾಕ್ತೀನಿ."

ಆ ಗಿಡ ಯಾಕೆ ಅಷ್ಟು ಸೊಂಪಾಗಿದೆ ಎಂದು ಅಜ್ಜಿಗೆ ಆಗ ಅರ್ಥವಾಯಿತು. ಅವಳು ಮೊಮ್ಮಗಳ ಕೂದಲು ನೇವರಿಸುತ್ತ ಕೂತಳು. ಜ್ವರ ಇಳಿದ ಮರುದಿನ ಮುಖ್ಯೋಪಾಧ್ಯಾಯಿನಿ ಮ್ಯಾಮ್ ಪೂರಿಂಗ್ ಅವರ ಎದುರು ಹೋಗಿ ನಿಂತಳು. ಮ್ಯಾಮ್ ಪೂರಿಂಗ್ ಅಭ್ಯಾಸಬಲದಿಂದ ಅಜ್ಜಿಯ ಕೈ ನೋಡಿದರು. ಬುಟ್ಟಿ ಇರಲಿಲ್ಲ.

"ಪ್ರಸ್ತಾವನೆ ಮೇಲಕ್ಕೆ ಹೋಗಿದೆ ಲೋಲಾ, ಮಂಜೂರಾತಿ ಬರಬೇಕು" ಎಂದರು ಮ್ಯಾಮ್.

"ಬರೋ ತನಕ ಹುಡುಗೀರು ಏನ್ಮಾಡ್ಬೇಕು ಮ್ಯಾಮ್? ಅವುಗಳ ಮೂತ್ರಾನೂ ಮೇಲಕ್ಕೆ ಕಳಿಸ್ಬೇಕಾ?"

ಮ್ಯಾಮ್ ಪೂರಿಂಗ್ ಒಳ್ಳೆಯ ಹೆಂಗಸು. ನಾಚಿಕೊಂಡರು, ಆದರೆ ನಾಚಿಕೆಗೆ ಬಾಗಿಲು ಮಾಡುವ ಶಕ್ತಿ ಇಲ್ಲವಲ್ಲ. ಕೊನೆಗೆ ಅಜ್ಜಿಯೇ ದಾರಿ ಹೇಳಿದಳು. ಕ್ರಿಸ್ಮಸ್ಸಿಗೆ ಮುಂಚೆ ಚರ್ಚಿನಲ್ಲಿ ಕೋಳಿ ಕೂಗುವ ಹೊತ್ತಿನ ಪೂಜೆಗಳಿರುತ್ತವೆ. ಪೂಜೆ ಮುಗಿಸಿ ಬರುವ ಜನಕ್ಕೆ ದೇವರಿಗಿಂತ ಬಿಸಿ ಬಿಬಿಂಗ್ಕ ಹತ್ತಿರ. ಅಲ್ಲಿ ಒಲೆ ಹೂಡಿ ಮಾರುವುದು, ಬಂದದ್ದೆಲ್ಲ ಬಾಗಿಲಿಗೆ.

ಆ ಡಿಸೆಂಬರಿನಲ್ಲಿ ಅಜ್ಜಿಯ ಬೆರಳ ತುದಿಗಳೆಲ್ಲ ಬೊಬ್ಬೆ. ಆಂಬೋ ಹುಂಜ ಬಿಟ್ಟು ಬಂದು ಕೆಂಡ ಊದಿದ. ಇದನ್ನು ಊರು ಇಂದಿಗೂ ಒಂದು ಪವಾಡವೆಂದೇ ನೆನೆಯುತ್ತದೆ. ಪಾದ್ರಿಗಳು ಪ್ರವಚನದಲ್ಲಿ "ತಟ್ಟಿರಿ, ಬಾಗಿಲು ತೆರೆಯುವುದು" ಎಂದದ್ದು ಕೇಳಿ ಅಜ್ಜಿ, "ಮೊದಲು ಬಾಗಿಲು ಇರ್ಬೇಕಲ್ಲ ಫಾದರ್" ಎಂದು ಗೊಣಗಿದಳಂತೆ. ಹಬ್ಬ ಕಳೆದ ಮೇಲೆ ಹಣದ ಡಬ್ಬಿಯನ್ನು ಪೋಷಕರ ಸಂಘದ ಕಾರ್ಯದರ್ಶಿಯ ಕೈಗೆ, ಅಂದರೆ ಸ್ವಂತ ಮಗಳು ನೋರ್ಮಾಳ ಕೈಗೆ ಒಪ್ಪಿಸಿದಳು.

ಫೆಬ್ರವರಿಯಲ್ಲಿ ಸಿಹಿ ಸುದ್ದಿ ಬಂತು. ಬಾಗಿಲಿನದಲ್ಲ, ಸನ್ಮಾನದ್ದು. ಲೋಲಾ ಎಪಾಂಗ್ ಅವರಿಗೆ 'ಆದರ್ಶ ಅಜ್ಜಿ' ಬಿರುದು, ಮೇಯರ್ ಸಾಹೇಬರ ಅಮೃತಹಸ್ತದಿಂದ. ಸುದ್ದಿ ತಂದ ನೋರ್ಮಾ, "ನಾನಾಯ್" ಎಂದು ತಾಯಿಯ ಭುಜ ಹಿಡಿದುಕೊಂಡು ಅತ್ತಳು. ಕಣ್ಣೊರೆಸಿಕೊಂಡು, "ಅತಿಥಿಗಳು ಜಾಸ್ತಿ. ದೊಡ್ಡ ಬಟ್ಟಲಲ್ಲೇ ಬೇಯ್ಸು" ಎಂದಳು.

"ನನ್ನ ಸನ್ಮಾನಕ್ಕೆ ನಾನೇ ಬೇಯಿಸ್ಬೇಕಾ?"

"ಮತ್ತೆ ಹೊರಗಡೆಯಿಂದ ತರಿಸಿದ್ರೆ ನಿನಗೆ ಅವಮಾನ ಅಲ್ವಾ?"

ಸನ್ಮಾನದ ದಿನ ಶಾಲೆಯ ಗೇಟಿನ ಹತ್ತಿರ ಅಜ್ಜಿ ದಾದೋನ ಟ್ರೈಸಿಕಲ್ಲಿನಿಂದ ಇಳಿದು ಹಾಗೇ ನಿಂತಳು. ಗೇಟಿನ ಮೇಲೆ ಹೊಚ್ಚ ಹೊಸ ಸಿಮೆಂಟಿನ ಕಮಾನು. ಎರಡು ಕಡೆ ಸಿಂಹ, ನಡುವೆ ಮೇಯರರ ಮುಖ, ಕೆಳಗೆ 'ಸುಸ್ವಾಗತ'. ಅದರ ಕೆಳಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಮೇಯರರ ಇನ್ನೊಂದು ಮುಖ, ಅದರ ಮೂಲೆಯಲ್ಲಿ ಬಾತುಕೋಳಿ ಮೊಟ್ಟೆಯಷ್ಟು ಅಜ್ಜಿಯ ಮುಖ. ಹೆಸರು 'ಲೋಲಾ ಎಪಿಂಗ್' ಎಂದಿತ್ತು.

"ಬಾಗಿಲೆಲ್ಲೇ?" ಎಂದು ಅಜ್ಜಿ ಮಗಳನ್ನು ಕೇಳಿದಳು.

ನೋರ್ಮಾ ಸೀರು ತೆಗೆಯುವವಳಂತೆ ತಲೆ ಕೆರೆದುಕೊಂಡಳು. "ಆ ಹಣ ಕಮಾನಿಗೆ ಹೋಯ್ತು ನಾನಾಯ್. ಸಂಘದಲ್ಲಿ ಎಲ್ಲರೂ ಕೈ ಎತ್ತಿದ್ರು. ಕಮಾನೂ ಬಾಗಿಲೇ ಅಲ್ವಾ? ದೊಡ್ಡ ಬಾಗಿಲು."

"ನೀನೂ ಎತ್ತಿದ್ಯಾ ಕೈ?"

ನೋರ್ಮಾ ಬಿಬಿಂಗ್ಕದ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮೇಯರ್ ಬರುವ ಹೊತ್ತಿಗೆ ಮಕ್ಕಳು ಬಿಸಿಲಿಗೆ ಬಾಡಿದ ಸೊಪ್ಪಾಗಿದ್ದರು. ಭಾಷಣದಲ್ಲಿ ಅವರು ತಮ್ಮ ಬಾಲ್ಯವನ್ನು ನೆನೆದರು, ತಮ್ಮ ತಾಯಿಯನ್ನು ನೆನೆದರು, ಮುಂದಿನ ಚುನಾವಣೆಯನ್ನು ನೆನೆಯಲಿಲ್ಲ ಎಂದು ಮೂರು ಸಲ ಹೇಳಿದರು. ಆಮೇಲೆ ಅಜ್ಜಿಯ ಹೆಗಲಿಗೆ ಪಟ್ಟಿ ಹಾಕಿ, "ಲೋಲಾ, ಒಂದೆರಡು ಮಾತು" ಎಂದು ಮೈಕು ಕೊಟ್ಟರು. ನೋರ್ಮಾ ಮುಂದಿನ ಸಾಲಿನಲ್ಲಿ ಜಪಮಣಿ ಹಿಡಿದುಕೊಂಡಳು.

"ನನಗೆ ಮಾತು ಬರಲ್ಲ, ಮೇಯರ್ ಸಾಹೇಬ್ರೇ" ಎಂದಳು ಅಜ್ಜಿ. "ಒಂದೇ ಒಂದು ಕೇಳ್ಕೋತೀನಿ. ಹೋದ ಚುನಾವಣೇದು ನಿಮ್ಮ ಹಳೇ ಫ್ಲೆಕ್ಸು ಉಳಿದಿದ್ರೆ ಕೊಡಿಸ್ಬಿಡಿ. ಮಳೇಲಿ ನೆನೆಯೋ ವಸ್ತು ಇದೆ, ಮುಚ್ಚಬೇಕು."

ಮೇಯರ್ ಹಿಗ್ಗಿ ಹೀರೆಕಾಯಾದರು. ಇಷ್ಟು ಅಗ್ಗದ ಬೇಡಿಕೆಯನ್ನು ಅವರು ಸಾರ್ವಜನಿಕ ಜೀವನದಲ್ಲೇ ಕೇಳಿರಲಿಲ್ಲ. ಅವರ ಫ್ಲೆಕ್ಸುಗಳು ಊರಲ್ಲಿ ಹಂದಿಗೂಡಿಗೂ ಭತ್ತ ಒಣಗಿಸಲಿಕ್ಕೂ ಬಳಕೆಯಾಗುತ್ತಿದ್ದವು, ಯಾರೂ ಹೀಗೆ ವೇದಿಕೆಯ ಮೇಲೆ ಮರ್ಯಾದೆಯಿಂದ ಕೇಳಿದ್ದಿಲ್ಲ. ಸಂಜೆಯೊಳಗೆ ಅಜ್ಜಿಯ ಅಂಗಳಕ್ಕೆ ಒಂದು ಗಾಡಿ ನಗು ಬಂದು ಬಿತ್ತು.

ಭಾನುವಾರ ಶಾಲೆ ಖಾಲಿಯಿತ್ತು. ಅಜ್ಜಿ, ಆಂಬೋ, ದಾದೋ ಮೂವರೂ ಹೋಗಿ, ಬಿದಿರಿನ ಗಳಕ್ಕೆ ಫ್ಲೆಕ್ಸು ಹೊಲಿದು, ಶೌಚಾಲಯದ ಪ್ರತಿ ಕೋಣೆಗೂ ಪರದೆ ಕಟ್ಟಿ ಬಂದರು. ಸೋಮವಾರ ಮಧ್ಯಾಹ್ನವೇ ಜೆಲ್ಲಿನ್ ದೂರು ತಂದಳು.

"ಲೋಲಾ, ಮುಖ ಒಳಗಡೆ ಬಂದಿದೆ. ಕೂತ್ರೆ ಮೇಯರ್ ನಮ್ಮನ್ನೇ ನೋಡ್ತಾರೆ!"

"ಅಯ್ಯೋ ಅವನ ಕಣ್ಣಿಗಿಷ್ಟು" ಎಂದು ಅಜ್ಜಿ ಅಂದೇ ಹೋಗಿ ಪರದೆಗಳನ್ನು ತಿರುಗಿಸಿ ಕಟ್ಟಿದಳು. ಈಗ ಮೇಯರ್ ಸಾಹೇಬರು ಸಾಲಾಗಿ ಹೊರಗೆ ಮುಖ ಮಾಡಿ, ಎದೆಯ ಮೇಲೆ ಕೈ ಇಟ್ಟುಕೊಂಡು ನಗುತ್ತ ನಿಂತರು. ಪ್ರತಿಯೊಬ್ಬರ ಕೆಳಗೂ ದೊಡ್ಡ ಅಕ್ಷರದಲ್ಲಿ: 'ಹಗಲಿರುಳೂ ನಿಮ್ಮ ಸೇವೆಯಲ್ಲಿ'.

ಹುಡುಗಿಯರು ನೀರು ಕುಡಿಯತೊಡಗಿದರು. ಅಷ್ಟೇ ಆಗಿದ್ದರೆ ಸುದ್ದಿಯಾಗುತ್ತಿರಲಿಲ್ಲ. ಆದರೆ ತರಗತಿಯಲ್ಲಿ ಎದ್ದು ನಿಂತು, "ಮ್ಯಾಮ್, ಮೇಯರ್ ಹತ್ರ ಹೋಗ್ಬರ್ಲಾ?" ಎಂದು ಕೇಳುವ ರೂಢಿ ಶುರುವಾಯಿತು. ಮಕ್ಕಳ ಬಾಯಿಂದ ಅದು ಮನೆಗೆ ಬಂತು, ಮನೆಯಿಂದ ಮಾರುಕಟ್ಟೆಗೆ. ಮೀನು ಮಾರುವ ಹೆಂಗಸರೂ ಪಕ್ಕದವಳಿಗೆ, "ಬುಟ್ಟಿ ನೋಡ್ಕೊಳ್ಳೇ, ಮೇಯರ್‌ನ ಕಂಡು ಬರ್ತೀನಿ" ಎನ್ನತೊಡಗಿದರು.

ಮ್ಯಾಮ್ ಪೂರಿಂಗ್ ಅವರಿಗೆ ನಿದ್ದೆ ಹಾರಿಹೋಯಿತು. ತೆಗೆಸಿದರೆ ಮೇಯರರ ಮುಖ ಕಿತ್ತುಹಾಕಿದ ಅಪರಾಧ, ಬಿಟ್ಟರೆ ಮೇಯರರ ಮುಖ ಅಲ್ಲಿಟ್ಟ ಅಪರಾಧ. ಯಾವುದಕ್ಕೆ ಯಾವ ಶಿಕ್ಷೆ ಎಂದು ತಿಳಿಯದೆ ಅವರು ಆ ಕಡೆ ನೋಡುವುದನ್ನೇ ಬಿಟ್ಟರು.

ಮನೆಯಲ್ಲಿ ನೋರ್ಮಾ ತಟ್ಟೆ ದೂಡಿ ಎದ್ದಳು. "ಕಚೇರೀಲಿ ನನ್ನ ಮುಖ ನೋಡಿ ಎಲ್ಲರೂ ಕಿಸಿಕಿಸಿ ಅಂತಾರೆ! ನನ್ನ ಕೆಲಸ ಹೋದ್ರೆ ಯಾರು ಗತಿ?"

"ನಾನೇನು ಬೈದಿದೀನಾ ಅವನನ್ನ? ನಗ್ತಾ ಇರೋ ಫೋಟೋ ತಾನೇ ಹಾಕಿರೋದು?"

"ನಿನಗೆ ನಾನು ಬೇಡ. ನಿನ್ನ ಶಾಲೆ, ನಿನ್ನ ಬಿಬಿಂಗ್ಕ ಇದ್ರೆ ಸಾಕು" ಎಂದು ನೋರ್ಮಾ ಕೋಣೆ ಸೇರಿದಳು. ಅಂದಿನಿಂದ ಊಟ ಬೇರೆ ಹೊತ್ತಿಗೆ, ತಾಯಿಯೊಡನೆ ಮಾತಿಲ್ಲ. ಅಜ್ಜಿ ಹೊರಗೆ ಗಟ್ಟಿಯಾಗಿದ್ದರೂ ಆ ವಾರ ಅವಳ ಬಿಬಿಂಗ್ಕ ಒಂದೂ ಸರಿಯಾಗಿ ಉಬ್ಬಲಿಲ್ಲ. ಆಂಬೋ ಮೊದಲ ಬಾರಿಗೆ ಹುಂಜದ ವಿಷಯ ಬಿಟ್ಟು, "ಮಗಳ ಹತ್ರ ನಾನು ಮಾತಾಡ್ಲಾ?" ಎಂದ. "ಬೇಡ, ನೀನು ಅಂಕಕ್ಕೆ ಇಳಿಸ್ತೀಯ" ಎಂದಳು ಅಜ್ಜಿ.

ಮಾತು ಮೇಯರರ ಕಿವಿಗೂ ಬಿದ್ದು, ಒಂದು ಬೆಳಿಗ್ಗೆ ಅವರೇ ಹಿಂಬಾಲಕರ ದಂಡಿನೊಡನೆ ಶಾಲೆಗೆ ಬಂದರು. ಶೌಚಾಲಯದ ಮುಂದೆ ಪುಟ್ಟ ಹುಡುಗಿಯರ ಸರದಿ. ಒಂದನೇ ಕ್ಲಾಸಿನ ಹಲ್ಲಿಲ್ಲದ ಹುಡುಗಿಯೊಂದು, ಎದುರಿಗೆ ಬಂದವರು ಯಾರೆಂದು ತಿಳಿಯದೆ, ವಿನಯದಿಂದ ಕೈ ಅಡ್ಡ ಹಿಡಿಯಿತು. "ನಿಲ್ಲಿ ಅಂಕಲ್. ಮೇಯರ್ ಖಾಲಿ ಇಲ್ಲ. ಒಳಗೆ ಒಬ್ರಿದಾರೆ."

ಹಿಂಬಾಲಕರು ಸಾಮೂಹಿಕವಾಗಿ ಕೆಮ್ಮಿದರು. ಮೇಯರರ ಕುತ್ತಿಗೆ ಕೆಂಪಾಯಿತು, ಮುಖದ ಮೇಲೆ ಮಾತ್ರ ಫ್ಲೆಕ್ಸಿನ ನಗುವೇ ಅಂಟಿಕೊಂಡಿತ್ತು. ಅದೇ ವಾರ ಬಡಗಿಗಳು ಬಂದರು. ಒಳ್ಳೆಯ ಮರದ ಬಾಗಿಲುಗಳು, ಒಳಗಿನಿಂದ ಚಿಲಕ. ಪ್ರಸ್ತಾವನೆ, ಮಂಜೂರಾತಿ, ಎರಡನೇ ಹಂತ ಯಾವುದೂ ಅಡ್ಡ ಬರಲಿಲ್ಲ. ಬಡಗಿ ಬ್ರಷ್ಷು ಹಿಡಿದು, "ಸಾಹೇಬ್ರ ಹೆಸರು ಬರೀಲಾ?" ಎಂದು ಕೇಳಿದಾಗ ಮೇಯರ್ ಗೋದಿಂಗ್ ತಮ್ಮ ರಾಜಕೀಯ ಜೀವನದಲ್ಲಿ ಮೊದಲ ಬಾರಿಗೆ "ಬೇಡ" ಎಂದರು.

ನೋರ್ಮಾಳ ಕೆಲಸವೂ ಹೋಗಲಿಲ್ಲ. ಆದರೂ ಅವಳು ಮಾತು ಬಿಟ್ಟೇ ಇದ್ದಳು. ಈಸ್ಟರಿಗೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ, ಮಸಿ ಎಂದರೆ ಮಾರು ದೂರ ಹಾರುವ ಅವಳು ಕಚೇರಿಯ ಬಟ್ಟೆಯಲ್ಲೇ ಬಂದು ಒಲೆಯ ಎದುರು ಕೂತಳು. ಮುಚ್ಚಳದ ಮೇಲಿನ ಕೆಂಡವನ್ನು ಕಡ್ಡಿಯಿಂದ ಸರಿ ಮಾಡಿದಳು.

"ನಿನ್ನೆ ಶಾಲೆಗೆ ಹೋಗಿದ್ದೆ" ಎಂದಳು. "ಒಂದೊಂದು ಬಾಗಿಲೂ ಹಾಕಿ ನೋಡ್ದೆ. ಚಿಲಕ ಸರಿಯಾಗಿ ಬೀಳುತ್ತೆ."

ಅಜ್ಜಿ ಹಿಟ್ಟು ಕಲಸುವ ಕೈ ನಿಲ್ಲಿಸಲಿಲ್ಲ.

"ನಾನು ಓದೋವಾಗ ಇದ್ದ ಹಳೇ ಶೌಚಾಲಯಕ್ಕೂ ಬಾಗಿಲಿರ್ಲಿಲ್ಲ ನಾನಾಯ್. ನಾನೂ ನೀರು ಕುಡೀತಿರ್ಲಿಲ್ಲ."

ಈಗ ಕೈ ನಿಂತಿತು. "ಒಂದು ದಿನಾನೂ ಹೇಳ್ಲಿಲ್ವಲ್ಲೇ ನನಗೆ?"

"ನೀನು ಶಾಲೆಗೆ ಬಂದ್ರೆ ಎಲ್ಲರೂ ಹೊಗಳೋರು. ಎಪಾಂಗ್ ಮಗಳು ಅಂತ ಟೀಚರು ನನ್ನನ್ನ ಮುಂದೆ ಕೂರಿಸೋರು. ಹೇಗೆ ಹೇಳೋದು?"

ಅಷ್ಟು ವರ್ಷ ಬುಟ್ಟಿ ಹೊತ್ತು ಓಡಾಡಿದ ಹಾದಿಯ ಪಕ್ಕದಲ್ಲೇ ತನ್ನ ಮಗಳು ಬಾಯಾರಿ ಕೂತಿದ್ದಳು ಎಂಬುದು ಅಜ್ಜಿಯ ಎದೆಗೆ ಕೆಂಡ ಬಿದ್ದಂತೆ ಬಿತ್ತು. ಅವಳು ಅಳಲಿಲ್ಲ. ಎದ್ದು ಹೋಗಿ ದೊಡ್ಡ ಲೋಟದಲ್ಲಿ ನೀರು ತಂದು ಮಗಳ ಮುಂದೆ ಹಿಡಿದಳು. "ಕುಡಿ."

"ಈಗ ಬಾಯಾರಿಕೆ ಇಲ್ಲ ನಾನಾಯ್."

"ಇಲ್ದಿದ್ರೂ ಕುಡಿ."

ನೋರ್ಮಾ ಕುಡಿದಳು, ಕೊನೆಯ ಹನಿಯವರೆಗೂ.

ಮುಂದಿನ ಚುನಾವಣೆಯಲ್ಲಿ ಮೇಯರ್ ಗೋದಿಂಗ್ ಭಾರಿ ಅಂತರದಿಂದ ಗೆದ್ದರು. ಲೋಲಾ ಎಪಾಂಗ್ ಕೂಡ ಅವರಿಗೇ ವೋಟು ಹಾಕಿ ಬಂದಳೆಂದು ತಿಳಿದು ಮೀನು ಮಾರುವ ಹೆಂಗಸರು ಮಾರುಕಟ್ಟೆಯಲ್ಲಿ ಅವಳನ್ನು ಅಡ್ಡಗಟ್ಟಿದರು. "ಏನು ಲೋಲಾ, ಅಷ್ಟೆಲ್ಲ ಆದ್ಮೇಲೂ?"

"ಹೊಸಬ ಬಂದ್ರೆ ಅವನಿಗೆ ಅ ಆ ಇ ಈಯಿಂದ ಕಲಿಸ್ಬೇಕು" ಎಂದಳು ಅಜ್ಜಿ, ಬಾತುಕೋಳಿ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತ. "ಇವನು ಬಾಗಿಲ ತನಕ ಬಂದಿದಾನೆ. ಇನ್ನು ಶಾಲೆ ನಲ್ಲೀಲಿ ನೀರು ಬರೋದೊಂದು ಬಾಕಿ."