ತುಂಬಿದವರು, ತೆರೆದವರು

ಕಪ್ಪು-ಸಾಸರು ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ರಿಪೋರ್ಟಮ್ಮ ಎನ್ನುತ್ತಿದ್ದರು. ಕಂಪ್ಯೂಟರಿನಿಂದ ತಿಂಗಳ ವರದಿ ತೆಗೆಯುವುದು ಅವಳ ಕೆಲಸ, ಹಗೆ ಸಾಧಿಸುವುದು ಹುಟ್ಟುಗುಣ. ಮೂರನೇ ಕ್ಲಾಸಿನಲ್ಲಿ ಜಡೆ ಎಳೆದವಳನ್ನು ತನ್ನ ಮದುವೆಗೆ ಕರೆಯದೆ ಬಿಟ್ಟವಳು. ಅಂಥವಳ ಅಕ್ಕನ ತಂಟೆಗೆ ಹೋಗಿದ್ದ ಮೀಸೆ ಮೇಸ್ತ್ರಿ.

ಅಕ್ಕ ಅಲ್ಲೇ ಬೆಳಗಿನ ಪಾಳಿಯ ಮುಖ್ಯಸ್ಥೆ. ಮಧ್ಯಾಹ್ನದವರು, ರಾತ್ರಿಯವರು ಹಸಿ ಕಪ್ಪುಗಳನ್ನು ಬಂಡಿಗೆ ತುಂಬಿ ಭಟ್ಟಿಗೆ ತಳ್ಳುತ್ತಿದ್ದರು. ಬೆಂದ ಮೇಲೆ ಹೆಚ್ಚಾಗಿ ಬೆಳಗಿನ ಹೆಂಗಸರೇ ತೆರೆದು ಇಳಿಸುತ್ತಿದ್ದರು. ಒಡೆದದ್ದೆಲ್ಲ ತೆರೆದವರ ಲೆಕ್ಕಕ್ಕೆ, ಅಲ್ಲಿನ ಪದ್ಧತಿ ಅದು. ಮನೆ ಸೇರುವ ಆತುರಕ್ಕೆ ಒತ್ತೊತ್ತಾಗಿ ತುರುಕಿದರೆ ಕಪ್ಪುಗಳು ಒಳಗೇ ಅಂಟಿಕೊಂಡು ಸೀಳುತ್ತವೆಂದು ಎಲ್ಲರಿಗೂ ಗೊತ್ತು. ವರದಿಗೆ ಮಾತ್ರ ಗೊತ್ತಿರಲಿಲ್ಲ.

"ಹೆಂಗಸರು ಸ್ವಾಮಿ, ಕೈಗಿಂತ ಬಾಯಿ ಜಾಸ್ತಿ ಓಡುತ್ತೆ," ಎಂದು ರಾತ್ರಿ ಪಾಳಿಯ ಮೀಸೆ ಮೇಸ್ತ್ರಿ ಮ್ಯಾನೇಜರ ಮುಂದೆ ಹಲ್ಲು ಕಿರಿದ. ಅಕ್ಕನ ಮೇಲೆ ಗೂಬೆ ಕೂತಿತು, ಕೆಲಸ ಹೋಯಿತು. ಅವನು ತೋರಿಸಿದ ವರದಿ ತಾನೇ ತೆಗೆದುಕೊಟ್ಟದ್ದು! ನೆನೆದಾಗಲೆಲ್ಲ ತಂಗಿಗೆ ಮೈಯೆಲ್ಲ ಉರಿಯುತ್ತಿತ್ತು.

ಹಳೆಯ ವರದಿಯು ಭಟ್ಟಿ ತೆರೆದ ಪಾಳಿಯನ್ನಷ್ಟೇ ಗುಂಪು ಮಾಡಿ ಮೊತ್ತ ಹಾಕುತ್ತಿತ್ತು. ಅವಳು ಮೊದಲು 'ತುಂಬಿದ ಪಾಳಿ', ಅದರೊಳಗೆ 'ತೆರೆದ ಪಾಳಿ' ಎಂದು ಗುಂಪಿನೊಳಗೆ ಗುಂಪು ಮಾಡಿ, ಪ್ರತಿಯೊಂದಕ್ಕೂ ಬೇರೆ ಮೊತ್ತ ತರಿಸಿದಳು. ಮಧ್ಯಾಹ್ನದವರು ತುಂಬಿದ್ದು ಅಕ್ಕನ ಕೈಯಲ್ಲಿ ನೆಟ್ಟಗೇ ಇಳಿದಿತ್ತು. ರಾತ್ರಿಯವರು ತುಂಬಿದ್ದು ಯಾರು ತೆರೆದರೂ ಚೂರು ಚೂರು.

ಮೀಟಿಂಗಿನಲ್ಲಿ ಅದನ್ನು ಗೋಡೆಯ ಪರದೆಗೆ ಹಾಕಿ, "ಈಗ ಮಾತಾಡಿ ಮೇಸ್ತ್ರಿಗಳೇ," ಎಂದಳು. ಮೇಸ್ತ್ರಿಯ ಮುಖ ಹರಳೆಣ್ಣೆ ಕುಡಿದಂತಾಯಿತು. ಅವಳ ಹೊಟ್ಟೆ ತಣ್ಣಗಾಯಿತು.

"ನಿಮ್ಮಕ್ಕನ್ನ ನಾಳೆಯಿಂದ ಬರೋಕೆ ಹೇಳಮ್ಮ," ಎಂದರು ಮ್ಯಾನೇಜರು. "ಆದ್ರೆ ಬಂಡಿ ಜೋಡಿಸಿದವರ ಹೆಸರಿನ ಕಾಲಂ ಕೂಡ ಸೇರ್ಸು. ಎಲ್ಲರಿಗಿಂತ ಹೆಚ್ಚು ಒಡೆದೋನು ಮನೆಗೆ ಹೋಗ್ಲಿ." ಅಷ್ಟು ಹೇಳಿ ಫೋನು ಬಂತೆಂದು ಹೊರಗೆ ಹೋದರು.

ಅವಳು ಹೆಸರಿನ ಕಾಲಂ ಸೇರಿಸಿದಳು, ಮೂರನೇ ಗುಂಪು ಬಿಚ್ಚಿಕೊಂಡಿತು. ಎಲ್ಲಕ್ಕಿಂತ ದೊಡ್ಡ ಮೊತ್ತದ ಮುಂದೆ ಅವಳ ಗಂಡನ ಹೆಸರು. ಅವನು ರಾತ್ರಿ ಪಾಳಿಯಲ್ಲಿ ಮೇಸ್ತ್ರಿಯ ಕೈಕೆಳಗಿನವನು. ಅಕ್ಕ ಇವರಿಬ್ಬರ ಮನೆಯಲ್ಲೇ ಕೂತು ಅತ್ತಾಗ, "ಪಾಪ, ಗ್ರಹಚಾರ," ಎಂದು ಮಗ್ಗುಲು ಬದಲಿಸಿ ಮಲಗಿದವನು. ಈಚೆಗೆ ಬೇಗ ಮನೆಗೆ ಬರುತ್ತಾನೆಂದು ಅವಳೂ ಹಿಗ್ಗಿದ್ದಳು.

ಮೇಸ್ತ್ರಿಗೆ ಹೋದ ಜೀವ ಬಂತು. "ಯಾಕಮ್ಮ, ಕೈ ನಿಂತುಹೋಯ್ತು? ಆ ಕಾಲಂ ತೆಗೆದುಬಿಡು. ಮೊದಲಿಂದ ಹೆಸರೇ ಬರೆದಿಲ್ಲ ಅಂತ ನಾನೂ ಹೇಳ್ತೀನಿ."

"ನಿಮ್ಮ ಉಪಕಾರ ನಿಮ್ಮ ಹತ್ರಾನೇ ಇರ್ಲಿ," ಎಂದಳು. ಮೂರು ಕಾಲಮ್ಮಿನ ವರದಿಯ ಎರಡು ಪ್ರತಿ ತೆಗೆದಳು. ಒಂದು ಮ್ಯಾನೇಜರ ಮೇಜಿಗೆ ಹೋಯಿತು. ಇನ್ನೊಂದನ್ನು ಮನೆಗೆ ಒಯ್ದು, ಇನ್ನೂ ಮಲಗಿದ್ದ ಗಂಡನ ಎದೆಯ ಮೇಲಿಟ್ಟಳು. ಅವನು ಗಾಬರಿಯಿಂದ ಎದ್ದು ಓದಿದ.

"ಮಲ್ಕೊಳ್ಳಿ, ಇನ್ಮೇಲೆ ರಾತ್ರಿ ಪಾಳಿ ಇಲ್ಲ ನಿಮಗೆ," ಎಂದಳು ಅವಳು. "ಬೆಳಗ್ಗೆ ಮಾತ್ರ ಬೇಗ ಏಳಿ. ಅಕ್ಕನಿಗೂ ನನಗೂ ಊಟದ ಡಬ್ಬಿ ಕಟ್ಟಬೇಕು."