ಚಿಗವ್ವನ ಕ್ಯಾಮೆರಾದ ಮುಂದೆ

ಚಿಗವ್ವ ಯಾರನ್ನಾದರೂ ಮಾತಾಡಿಸುವ ಮುಂಚೆ ಅವರ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡುತ್ತಿದ್ದಳು. ಊಟಕ್ಕೆ ಕೂತಾಗಲೂ ಅಷ್ಟೆ. ರೊಟ್ಟಿ ಬಡಿಸಲು ಬಂದವಳು ನನ್ನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲ ಕಡೆಗೆ ತುಸು ತಿರುಗಿಸಿ, "ಹಾಂ, ಹಿಂಗ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಮುಂದೆ ಹೋಗುತ್ತಿದ್ದಳು. ಆಗ ಅವಳ ಕೈಯಲ್ಲಿ ಕ್ಯಾಮೆರಾ ಕೂಡ ಇರುತ್ತಿರಲಿಲ್ಲ, ಬುಟ್ಟಿ ಇರುತ್ತಿತ್ತು. ನನ್ನ ತಮ್ಮ ಬಸು ಬಾಯಲ್ಲಿ ತುತ್ತಿಟ್ಟುಕೊಂಡೇ ನಗುತ್ತಿದ್ದ. ಒಲೆಯ ಮುಂದೆ ಕೂತ ಆಯಿ, ಅಂದರೆ ಅಪ್ಪನ ತಾಯಿ, "ಹುಡುಗೂರ್ನ ಉಣ್ಣಾಕರ ಬಿಡವಾ" ಎನ್ನುತ್ತಿದ್ದಳು.

ಚಿಗವ್ವನ ಹೆಸರು ಸುಶೀಲಾ. ನಮ್ಮ ಹೆತ್ತವ್ವ ತೀರಿಕೊಂಡ ಮರುವರ್ಷ ಅಪ್ಪ ಮಿರಜಿನಿಂದ ಮದುವೆ ಮಾಡಿಕೊಂಡು ಬಂದವಳು. ನನಗಾಗ ಹತ್ತು ವರ್ಷ, ಬಸುಗೆ ಆರು. ಜತ್ತದ ಹತ್ತಿರದ ಸಂಖ ಎಂಬ ಊರಿನಲ್ಲಿ ನಮ್ಮದು ಗೊಬ್ಬರ, ಬೀಜದ ಅಂಗಡಿ. ಅದರ ಬೆನ್ನಿಗೆ ಮನೆ. ಅವಳು ಬರುವ ಹೊತ್ತಿಗೆ ಆ ಮನೆಯಲ್ಲಿ ಎಲ್ಲದಕ್ಕೂ ಒಬ್ಬೊಬ್ಬರು ಒಡೆಯರಿದ್ದರು. ಅಡುಗೆಮನೆ ಆಯಿಯದು, ಅಂಗಡಿ ಅಪ್ಪನದು, ನಾವಿಬ್ಬರು ಮಕ್ಕಳೂ ಆಯಿಯವರೇ. ಹೊಸಬಳ ಪಾಲಿಗೆ ಉಳಿದದ್ದು ಕಸ ಹೊಡೆಯುವುದು, ಬಡಿಸುವುದು, ಆಮೇಲೆ ಪಡಸಾಲೆಯ ಕಂಬಕ್ಕೆ ಒರಗಿ ನಿಲ್ಲುವುದು. ಅವ್ವನನ್ನು ನಾವು "ನೀ" ಎಂದು ಕರೆದವರು, ಇವಳಿಗೆ "ರಿ" ಹಚ್ಚಿ ಮಾತಾಡುತ್ತಿದ್ದೆವು. ಊರಿನವರು ಅದನ್ನು ಮಕ್ಕಳ ಸಂಸ್ಕಾರ ಎಂದು ಹೊಗಳಿದರು. ಅದು ಸಂಸ್ಕಾರವಲ್ಲ, ದೂರ ಎಂಬುದು ಅವಳಿಗೆ ಗೊತ್ತಿತ್ತು.

ಅವಳ ಕನ್ನಡವೂ ನಮ್ಮದಕ್ಕಿಂತ ಬೇರೆ. ಅರ್ಧ ಮರಾಠಿ ಬೆರೆತದ್ದು. ಅಲ್ಲಾಡಬೇಡಿ ಎನ್ನಲು "ಹಲಬ್ಯಾಡ್ರಿ" ಎನ್ನುತ್ತಿದ್ದಳು. ಮರಾಠಿಯ 'ಹಲ'ಕ್ಕೆ ನಮ್ಮ 'ಬ್ಯಾಡ' ಸೇರಿಸಿ ಅವಳೇ ಹೊಲಿದುಕೊಂಡ ಮಾತು. ಸಾಲಿಯಲ್ಲಿ ಬಸು ಅದನ್ನು ಅಣಕಿಸಿ ತೋರಿಸಿದ್ದರಿಂದ ಅವನ ಗೆಳೆಯರೆಲ್ಲ ಕೆಲವು ದಿನ ಒಬ್ಬರಿಗೊಬ್ಬರು "ಹಲಬ್ಯಾಡಲೇ" ಎಂದುಕೊಂಡು ತಿರುಗಿದರು.

ಪಂಚಮಿಗೆ ತವರಿಗೆ ಹೋದವಳು ಒಂದು ಸಲ ಹೆಗಲಲ್ಲಿ ಕಪ್ಪು ಚೀಲ ಹಾಕಿಕೊಂಡು ಬಂದಳು. ಮಿರಜಿನಲ್ಲಿ ಅವಳ ಅಣ್ಣನದು ಫೋಟೋ ಸ್ಟುಡಿಯೋ. ಅಲ್ಲಿಯ ಹಳೆಯ ಕ್ಯಾಮೆರಾ ಅದು. ತಾನಾಗಿ ಫೋಕಸ್ ಮಾಡುವ ಶಕ್ತಿ ಅದಕ್ಕೆ ಹೋಗಿತ್ತು. ಮೇಲಿನ ಗಾಲಿ ಮ್ಯಾನುವಲ್ ಎಂಬಲ್ಲಿಗೆ ಸಿಕ್ಕಿಕೊಂಡು ಅತ್ತಿತ್ತ ತಿರುಗುತ್ತಿರಲಿಲ್ಲ. ಮದುವೆ ಕೆಲಸಕ್ಕೆ ಬಾರದ್ದು ಎಂದು ಅಣ್ಣ ಮೂಲೆಗಿಟ್ಟಿದ್ದ. ಇವಳು ಕೇಳಿ ತಂದಳು.

"ಇದರಾಗ ಏನೂ ತಾನಾಗಿ ಆಗಂಗಿಲ್ಲ" ಎಂದು ಅದನ್ನು ನಮಗೆ ತೋರಿಸುತ್ತ ಹೇಳಿದಳು. "ಎಲ್ಲಾ ನಾವ ಮಾಡಬೇಕು. ಕಿಂಡಿ ಎಷ್ಟ ತಗೀಬೇಕು, ಎಷ್ಟ ಹೊತ್ತ ತಗದ ಇಡಬೇಕು, ಎಲ್ಲಿ ನೋಡಬೇಕು. ಎಲ್ಲಾ."

ಆ ದಿನದಿಂದ ನಾವಿಬ್ಬರೂ ಅವಳ ಪಾಠದ ಪಾಟಿಗಳಾದೆವು. ಸಾಲಿ ಬಿಟ್ಟು ಬಂದು ಚುರುಮುರಿ ತಿಂದೊಡನೆ ಅಂಗಡಿಯ ಮುಂದಿನ ಬೇವಿನ ಮರದ ಹತ್ತಿರ ನಿಲ್ಲಬೇಕು. ಅವಳು ಫೋನಿನಲ್ಲಿ ಅಣ್ಣನನ್ನು ಕೇಳುತ್ತ, ಲೆನ್ಸಿನ ಬಳೆ ತಿರುಗಿಸುತ್ತ, ಒಂದು ಕಣ್ಣು ಮುಚ್ಚಿ ನಮ್ಮನ್ನು ನೋಡುತ್ತಿದ್ದಳು. ಮೊದಲ ಫೋಟೋಗಳಲ್ಲಿ ನಾವು ಕತ್ತಲಲ್ಲಿ ಕಳೆದುಹೋಗಿದ್ದೆವು. ಆಮೇಲಿನವುಗಳಲ್ಲಿ ಸುಣ್ಣದ ಗೋಡೆಯಂತೆ ಬೆಳ್ಳಗಾಗಿ ಮೂಗು ಬಾಯಿ ಅಳಿಸಿಹೋಗಿದ್ದವು. ಬೆಳಕು ಒಂದು ಹದಕ್ಕೆ ಬಂದಮೇಲೆ ಫೋಕಸ್ಸಿನ ಕಾಟ ಶುರುವಾಯಿತು. ನನ್ನ ಕಿವಿ ಸ್ಪಷ್ಟ, ಮುಖ ಮಂಜು. ಬಸುವಿನ ಅಂಗಿಯ ಗುಂಡಿ ಸ್ಪಷ್ಟ, ಬಸು ಮಂಜು. ಒಂದರಲ್ಲಂತೂ ನಮ್ಮ ಹಿಂದಿನ ಬೇವಿನ ತೊಗಟೆಯ ಮೇಲೆ ಹತ್ತುತ್ತಿದ್ದ ಇರುವೆಗಳು ಎಣಿಸುವಂತೆ ಬಂದಿದ್ದವು, ನಾವಿಬ್ಬರೂ ಹೊಗೆಯ ಹಾಗಿದ್ದೆವು.

"ಚಿಗವ್ವ ಇರಬಿ ಫೋಟೋ ಚಲೋ ತಗದಾರ" ಎಂದು ಬಸು ನಕ್ಕ. ಅವಳೂ ನಕ್ಕಳು. ನಮ್ಮ ಮನೆಯಲ್ಲಿ ಅವಳು ದನಿ ತೆಗೆದು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಗೆ ಬಿಸಿಲಿಗೆ ಕ್ಯಾಮೆರಾದ ಹಿಂದಿನ ಪುಟ್ಟ ಪರದೆ ಕಾಣುತ್ತಿರಲಿಲ್ಲ. ಹಾಗಾಗಿ ಅವಳು ಸೆರಗನ್ನು ಎಳೆದು ತನ್ನ ತಲೆಯ ಮೇಲೂ ನಮ್ಮಿಬ್ಬರ ತಲೆಯ ಮೇಲೂ ಹೊದಿಸಿ, ಒಳಗೆ ಕತ್ತಲು ಮಾಡಿ ತೋರಿಸುತ್ತಿದ್ದಳು. ಮೂರು ತಲೆ ಒಂದು ಸೆರಗಿನ ಕೆಳಗೆ. ಅವಳ ಸೀರೆಗೆ ಸಾಬೂನಿನ ವಾಸನೆ ಇತ್ತು, ಕೈಗೆ ಕಸಬರಿಗೆಯದು. ಬಸುವಿನ ಬೆವರಿದ ಕುತ್ತಿಗೆ ನನ್ನ ಕೆನ್ನೆಗೆ ತಾಗುತ್ತಿತ್ತು. ಅವ್ವ ಹೋದಮೇಲೆ ನಾವು ಯಾರಿಗೂ ಅಷ್ಟು ಹತ್ತಿರ ನಿಂತಿರಲಿಲ್ಲ. ಫೋಟೋ ನೋಡಿ ಮುಗಿದ ಮೇಲೂ ಅವಳು ಸೆರಗನ್ನು ತಟ್ಟನೆ ತೆಗೆಯುತ್ತಿರಲಿಲ್ಲ. ನಾವೂ ಹೊರಗೆ ಬರಲು ಅವಸರ ಮಾಡುತ್ತಿರಲಿಲ್ಲ.

ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಒಬ್ಬಾಕೆ ಒಂದು ದಿನ, "ಸುಶೀಲಾ, ಇನ್ನೂ ಏನೂ ವಿಶೇಷ ಇಲ್ಲೇನ?" ಎಂದು ಕೇಳಿದಳು. ಚಿಗವ್ವ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತ, "ಎರಡ ಅದಾವಲ್ರಿ" ಎಂದಳು. ಆ ಮಾತು ಅವಳದಲ್ಲ, ಅಪ್ಪನದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹೆಣ್ಣು ನೋಡಲು ಹೋದ ದಿನವೇ ಅಪ್ಪ, "ನನಗ ಎರಡ ಅದಾವ, ಸಾಕು, ಒಪ್ಪಿಗಿ ಇದ್ರ ನೋಡ್ರಿ" ಎಂದಿದ್ದನಂತೆ. ಅವಳು ಒಪ್ಪಿಕೊಂಡು ಬಂದಿದ್ದಳು.

ಬಸುಗೆ ಒಂದು ಹುಚ್ಚು ಹಿಡಿಯಿತು. ಪೇಪರಿನಲ್ಲಿ ಬರುವ ಆಟಗಾರರ ಹಾಗೆ ಎರಡೂ ಕಾಲು ನೆಲ ಬಿಟ್ಟ ಫೋಟೋ ಅವನಿಗೆ ಬೇಕು. ನಿಂತವರನ್ನು ಹಿಡಿಯಲು ಕಲಿತವಳಿಗೆ ಓಡುವವನನ್ನು ಹಿಡಿಯುವುದು ಬೇರೆಯೇ ಪಾಠ. ಕರಜಗಿ ಕಡೆಯ ರಸ್ತೆಯಲ್ಲಿ ಸಂಜೆ ಕುರಿ ಹಿಂಡು ಊರಿಗೆ ಬರುವ ಹೊತ್ತು ನೋಡಿ ನಮ್ಮನ್ನು ಕರೆದುಕೊಂಡು ಹೋದಳು. ಕುರಿ ಎಬ್ಬಿಸಿದ ಧೂಳಿನಲ್ಲಿ ಬಿಸಿಲು ತೂಗಾಡುತ್ತಿತ್ತು. ರಸ್ತೆಯ ಮೇಲೆ ನನ್ನ ಚಪ್ಪಲಿಯೊಂದನ್ನು ಇಟ್ಟು, ಮೊದಲು ಅದಕ್ಕೆ ಫೋಕಸ್ ಮಾಡಿಕೊಂಡು, "ಬಸು, ಈ ಚಪ್ಪಲ್ ದಾಟೂ ಮುಂದ ಜಿಗೀಬೇಕು ನೋಡು" ಎಂದು ಹೇಳಿ ಮಣ್ಣಲ್ಲೇ ಮೊಣಕಾಲೂರಿದಳು. ಬಸು ಓಡಿದ, ಮತ್ತೆ ಓಡಿದ. ಒಮ್ಮೆ ಬೇಗ ಒತ್ತಿದಳು, ಒಮ್ಮೆ ತಡವಾಯಿತು. ಸೀರೆಯೆಲ್ಲ ಧೂಳು. ಕೊನೆಗೊಮ್ಮೆ ಅವಳು ಪರದೆ ನೋಡಿ ಅಲ್ಲೇ ಕೂತುಬಿಟ್ಟಳು. ಬಸು ಏದುಸಿರು ಬಿಡುತ್ತ ಓಡಿಬಂದು ಅವಳ ಕೊರಳಿಗೇ ಜೋತುಬಿದ್ದ.

"ಬಂತೇನ ಚಿಗವ್ವ? ತೋರ್ಸ, ಲಗೂನ ತೋರ್ಸ!"

"ರಿ" ಬಿದ್ದುಹೋಗಿತ್ತು. ಬಸುಗೆ ಗೊತ್ತಾಗಲಿಲ್ಲ. ಅವಳು ಕ್ಯಾಮೆರಾವನ್ನು ಅವನ ಕೈಗೇ ಕೊಟ್ಟು, ಮುಖ ತಿರುಗಿಸಿಕೊಂಡು ಸೆರಗಿನಿಂದ ಧೂಳು ಒರೆಸಿಕೊಂಡಳು. ಫೋಟೋದಲ್ಲಿ ನಮ್ಮ ಬಸು ನೆಲದಿಂದ ಗೇಣೆತ್ತರ ಹಾರಿದ್ದ, ಅವನ ಹಲ್ಲಿನ ಸಂದು ಕೂಡ ಕಾಣುತ್ತಿತ್ತು.

ಹೀಗೆ ಏಳು ವರ್ಷ. ನನ್ನ ಎರಡು ಜಡೆ ಒಂದಾಯಿತು, ಬಸುವಿನ ದನಿ ಒಡೆಯಿತು. ಎಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲಿ ತುಂಬಿಕೊಂಡಿತು. ಅಪ್ಪನನ್ನು ಮಾತ್ರ ಅವಳಿಗೆ ಎಂದೂ ಕ್ಯಾಮೆರಾದ ಮುಂದೆ ನಿಲ್ಲಿಸಿಕೊಳ್ಳಲಾಗಲಿಲ್ಲ. ಅವನು ಸಿಡುಕನಲ್ಲ, ಮಾತು ಕಡಿಮೆ. "ರೀ, ಒಂದ ಬರ್ರಿ" ಎಂದರೆ, "ನಂದೇನ ತಗೀತಿ, ಹುಡುಗೂರ್ದ ತಗಿ" ಎಂದು ಚೀಲ ಇಳಿಸಲು ಹೋಗುತ್ತಿದ್ದ. ಅವಳು ಎರಡನೆಯ ಸಲ ಕರೆಯುತ್ತಿರಲಿಲ್ಲ.

ನಾನು ಹನ್ನೆರಡನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಎದೆ ನೋವು ಎಂದು ಅಂಗಡಿಯಲ್ಲೇ ಕುಸಿದ. ಜತ್ತಕ್ಕೆ ಕರೆದೊಯ್ಯುವ ದಾರಿಯಲ್ಲೇ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಮರುದಿನ ಕಾಕಾ, ಅಂದರೆ ಅಪ್ಪನ ತಮ್ಮ, ಹಾರ ಹಾಕಿ ಇಡಲು ಅಣ್ಣನದೊಂದು ಫೋಟೋ ಬೇಕು ಎಂದ. ನಾಲ್ಕು ಮಂದಿಯ ಎದುರಿಗೆ, "ವೈನಿ, ದಿನಾ ಕ್ಯಾಮೆರಾ ಹಿಡದ ತಿರುಗ್ತಿದ್ರಿ, ಅಣ್ಣಂದು ಒಂದ ಚಲೋ ಫೋಟೋ ಇರಬೇಕಲ್ಲ" ಎಂದು ಕೇಳಿದ. ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ.

ಮಧ್ಯಾಹ್ನ ಮಂದಿ ಅಡ್ಡಾಗಿ ಮಲಗಿದಾಗ ಅವಳು ಅಂಗಡಿಯ ಬಾಗಿಲು ಅರ್ಧ ತೆರೆದು ಕಂಪ್ಯೂಟರಿನ ಮುಂದೆ ಕೂತಳು. ನಾನು ಚಹಾ ತೆಗೆದುಕೊಂಡು ಹೋದಾಗ ಪರದೆಯ ಮೇಲೆ ನಾನೇ ಇದ್ದೆ, ಎಂಟನೆಯ ತರಗತಿಯ ಹುಡುಗಿ, ಬೇವಿನ ಮರದ ಕೆಳಗೆ. ಚಿಗವ್ವ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಗಲ ಹಿಂದೆ, ಅಂಗಡಿಯ ಬಾಗಿಲಲ್ಲಿದ್ದ ಒಂದು ಬಿಳಿ ಕಲೆಯನ್ನು ದೊಡ್ಡದು ಮಾಡುತ್ತಿದ್ದಳು. ಬಿಳಿ ಅಂಗಿ, ಕಟ್ಟಿದ ಕೈ, ತುಸು ವಾಲಿದ ತಲೆ. ಅಪ್ಪ.

"ಇಲ್ಲಿ ಅದಾರ" ಎಂದಳು. ಮುಂದಿನದನ್ನು ತೆಗೆದಳು. "ಇಲ್ಲೂ ಅದಾರ." ಬಸುವಿನ ಹಿಂದೆ ಗಾಡಿ ನಿಲ್ಲಿಸಿಕೊಂಡು ಒಂದು ಕಾಲೂರಿದ್ದ. ಇನ್ನೊಂದರಲ್ಲಿ ಗೊಬ್ಬರದ ಚೀಲಗಳ ನಡುವೆ. ಮತ್ತೊಂದರಲ್ಲಿ ಕಂಬದ ಮರೆಯಲ್ಲಿ ಅರ್ಧ. ನೋಡುತ್ತ ಹೋದಂತೆ ಎಷ್ಟೋ ಫೋಟೋಗಳಲ್ಲಿ ಅವನಿದ್ದ. ನಮಗೆ ಯಾರಿಗೂ ಗೊತ್ತಾಗದಂತೆ ಕೆಲಸ ಬಿಟ್ಟು ಬಂದು ನಿಂತಿರುತ್ತಿದ್ದನೆಂದು ಕಾಣುತ್ತದೆ. ಆದರೆ ಅವಳು ಸದಾ ಫೋಕಸ್ ಮಾಡಿದ್ದು ನಮ್ಮ ಕಣ್ಣಿಗೆ. ಅಪ್ಪ ಒಂದರಲ್ಲೂ ಸ್ಪಷ್ಟವಿರಲಿಲ್ಲ. ದೊಡ್ಡದು ಮಾಡಿದಷ್ಟೂ ಅವನ ಮುಖ ಕರಗುತ್ತಿತ್ತು.

ಬಿಳಿ ಅಂಗಿಯ ಮೇಲೆ ಬೆರಳಿಟ್ಟು ಅವಳು ಕೇಳಿದಳು: "ಗಿರಿಜಾ, ನಿಮ್ಮಪ್ಪ ಯಾರನ್ನ ನೋಡಾಕತ್ಯಾರ ಇದರಾಗ?"

"ನಿಮ್ಮನ್ನರಿ" ಎಂದೆ.

"ಮಾರಿನ ಕಾಣವಲ್ದು, ನಿನಗ ಹೆಂಗ ಗೊತ್ತ?"

ಅವಳು ಚಹಾ ಕುಡಿದು, ಬಟ್ಟಲು ತೊಳೆಯಲು ಎದ್ದು ಹೋದಳು. ಕಾಕಾ ಆಧಾರ್ ಕಾರ್ಡಿನ ಫೋಟೋವನ್ನೇ ಜತ್ತದಲ್ಲಿ ದೊಡ್ಡದು ಮಾಡಿಸಿ ತಂದ. ಅದರಲ್ಲಿ ಅಪ್ಪ ಯಾವುದಕ್ಕೋ ಬೆಚ್ಚಿದವನ ಹಾಗಿದ್ದಾನೆ. ನಮ್ಮ ಮನೆಯಲ್ಲಿ ಈಗಲೂ ಅದೇ ಇದೆ.

ಅಂಗಡಿ ಕಾಕಾನ ಕೈಗೆ ಹೋಯಿತು. ಅವನ ಸಂಸಾರ ನಮ್ಮ ಮನೆಗೇ ಬಂತು. ಯಾರೂ ಚಿಗವ್ವನಿಗೆ ಹೋಗು ಎನ್ನಲಿಲ್ಲ. ಶ್ರಾವಣ ಕಳೆಯುತ್ತಲೇ ಅವಳೇ ಬಟ್ಟೆ ಮಡಚತೊಡಗಿದಳು. ನಾನು ಚೀಲದ ಮೇಲೆ ಕೈಯಿಟ್ಟು, "ಇರ್ರಿ ಚಿಗವ್ವ, ಹೋಗಬ್ಯಾಡ್ರಿ" ಎಂದೆ.

"ಎಲ್ಲಿ ಇರ್ಲಿ ಹೇಳ? ಅಡಿಗಿಮನ್ಯಾಗ ಆಯಿ ಅದಾರ, ಪಡಸಾಲ್ಯಾಗ ಕಾಕಾ ಅದಾರ. ನೀ ನರ್ಸಿಂಗ್ ಕಲ್ಯಾಕ ಸಾಂಗ್ಲಿಗೆ ಹೋಗಾಕಿ. ಬಸು ಎಷ್ಟ ದಿನ ನನ್ನ ಮುಂದ ನಿಂದರ್ತಾನ?" ಸಿಟ್ಟಿಲ್ಲದೆ, ಮಳೆ ಬರುವಂತಿದೆ ಎಂದು ಹೇಳುವ ದನಿಯಲ್ಲಿ ಹೇಳಿದಳು. ಫೋಟೋಗಳನ್ನು ಹಾಕಿಕೊಡಲೇ ಎಂದು ಬಸು ಕೇಳಿದ. "ಮನೀದು ಮನ್ಯಾಗ ಇರ್ಲಿ" ಎಂದು ಕ್ಯಾಮೆರಾ ಒಂದನ್ನೇ ಹೆಗಲಿಗೆ ಹಾಕಿಕೊಂಡು ಎಸ್ಟಿ ಬಸ್ಸು ಹತ್ತಿದಳು.

ಮಿರಜಿನಲ್ಲಿ ಅಣ್ಣನ ಸ್ಟುಡಿಯೋದಲ್ಲೇ ಅವಳಿಗೆ ಕೆಲಸ ಸಿಕ್ಕಿತು. ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವುದು. ಸಾಂಗ್ಲಿಯಲ್ಲಿ ಓದುವಾಗ ರಜೆ ಸಿಕ್ಕಾಗ ನಾನು ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಬಸು ಎಷ್ಟು ಎತ್ತರವಾದ ಎಂದು ಕೇಳಿ, ತನ್ನ ಹಣೆಯ ಹತ್ತಿರ ಕೈಯಿಟ್ಟು, "ಇಷ್ಟ?" ಎನ್ನುತ್ತಿದ್ದಳು. ನಾನು ಆ ಕೈಯನ್ನು ಇನ್ನೂ ಮೇಲೆ ಎತ್ತುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಜ್ವರ ಎಂದು ಮಲಗಿದವಳು ಏಳಲಿಲ್ಲ. ಸುದ್ದಿ ಬಂದಾಗ ನಾನು ಪುಣೆಯ ಆಸ್ಪತ್ರೆಯಲ್ಲಿ ಪಾಳಿಯ ಮೇಲಿದ್ದೆ. ನಾನೂ ಬಸುವೂ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಅವಳನ್ನು ಕಡೆಯ ಸಲ ಕಂಡದ್ದು ಪುಣೆಯ ಆ ನೌಕರಿಯ ಅರ್ಜಿಗೆ ಫೋಟೋ ಬೇಕಾಗಿ ಸ್ಟುಡಿಯೋಗೆ ಹೋದಾಗ. ಕುರ್ಚಿಯ ಮೇಲೆ ಕೂರಿಸಿ, ನನ್ನ ಕೊರಳಪಟ್ಟಿ ಸರಿಮಾಡಿ, ಹೊಸ ಕ್ಯಾಮೆರಾದ ಹಿಂದೆ ಹೋಗಿ ನಿಂತಳು. ಅದು ಕೀಂ ಎಂದು ತಾನೇ ಫೋಕಸ್ ಮಾಡಿಕೊಂಡು ಕ್ಷಣದಲ್ಲಿ ಕೆಲಸ ಮುಗಿಸಿತು. ಅವಳು ಮಾತ್ರ ಕಣ್ಣು ತೆಗೆಯಲಿಲ್ಲ. ಆ ಪುಟ್ಟ ಕಿಂಡಿಯಿಂದ ಇನ್ನೂ ನೋಡುತ್ತಲೇ ಇದ್ದಳು.

"ಆತೇನ್ರಿ ಚಿಗವ್ವ?"

"ಆವಾಗ್ಲೇ ಆತು" ಎಂದಳು, ನೋಡುತ್ತಲೇ.

ಆಮೇಲೆ ಹಾಳೆ ಮುದ್ರಿಸಿ, ಕತ್ತರಿಯಿಂದ ಒಂದೊಂದೇ ಫೋಟೋ ಕತ್ತರಿಸಿ ಲಕೋಟೆಗೆ ಹಾಕಿದಳು. ಕೊನೆಯದು ಕೈಯಲ್ಲೇ ಉಳಿಯಿತು. ಅದನ್ನು ನನ್ನ ಕಡೆ ಹಿಡಿದು, ಅಂಗಡಿಗೆ ಬಂದ ಗಿರಾಕಿಯನ್ನು ಕೇಳುವ ಹಾಗೆ ಕೇಳಿದಳು:

"ಒಂದ ನಾ ಇಟ್ಕೋಲಿ?"

ನಾನು ತಲೆಯಾಡಿಸಿದೆ. ಮೇಜಿನ ಗಾಜಿನ ಕೆಳಗೆ, ಮಾದರಿಗೆಂದು ಇಟ್ಟಿದ್ದ ಯಾರ್ಯಾರದೋ ಮಕ್ಕಳ ಫೋಟೋಗಳನ್ನು ಬೆರಳಿನಿಂದ ಸರಿಸಿ, ಸಂದಿಯಲ್ಲಿ ನನ್ನದನ್ನು ಸೇರಿಸಿದಳು. ಬಾಗಿಲಲ್ಲಿ ಯಾರೋ ಬಂದು ನಿಂತಿದ್ದರು. ಅವಳು ಸೆರಗು ಸರಿಮಾಡಿಕೊಂಡು ಎದ್ದು, ಅವರಿಗೆ ಮರಾಠಿಯಲ್ಲಿ ಒಳಗೆ ಬಂದು ಕೂರಲು ಹೇಳಿದಳು.