ಕಾಂಕ್ರೀಟಿನ ಕೆಳಗೆ ಬೈನೆ ರೀಪು

ಶಾಂತಪ್ಪನಿಗೆ ಹನ್ನೊಂದು ದಿನದ ಕೂಲಿ ಇನ್ನೂ ಬರಬೇಕು. ಕೊಡಬೇಕಾದದ್ದು ಪಾಲಿಬೆಟ್ಟದ ಆಚೆಗಿನ ಒಂದು ಕಾಫಿ ಎಸ್ಟೇಟಿನವರು. ಹಿಡಿದಿಟ್ಟದ್ದು ಅವನು ಕೆಲಸ ಮಾಡಲಿಲ್ಲ ಅಂತಲ್ಲ, ಒಂದು ಕೆಲಸ ಮಾಡಲ್ಲ ಅಂದ ಅಂತ.

ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಮನೆತನದ ಈ ಬಡಗಿಗೆ ಐವತ್ತೆಂಟು ವಯಸ್ಸು. ಅವನ ಒಂದು ಚಾಳಿ ಸುತ್ತಲಿನವರಿಗೆಲ್ಲ ಗೊತ್ತು. ಹೆಂಚು ಕೂರಿಸಲು ಅಡ್ಡಡ್ಡ ಹೊಡೆಯುವ ರೀಪುಗಳನ್ನು ಒಂದೊಂದಾಗಿ ಎತ್ತಿ, ತುದಿಯನ್ನು ನೆಲಕ್ಕೆ ಕುಕ್ಕಿ ಸದ್ದು ಕೇಳುತ್ತಾನೆ. ಆಮೇಲೆ ಕಣ್ಣಿನ ನೇರಕ್ಕೆ ಹಿಡಿದು, ಹೆಣ್ಣು ನೋಡಲು ಬಂದ ಗಂಡಿನ ಚಿಕ್ಕಪ್ಪನ ಹಾಗೆ ಕೊಂಕು ಹುಡುಕುತ್ತಾನೆ. ನೂರರಲ್ಲಿ ಮೂವತ್ತನ್ನು ಬದಿಗೆ ಎಸೆಯುತ್ತಾನೆ. ಅವನು ಬರುವುದು ಕಂಡರೆ ಮರದ ಡಿಪೋದವರು ಟೀ ಕುಡಿಯಲು ಹೊರಟುಬಿಡುತ್ತಾರೆ.

ಎಸ್ಟೇಟಿನಲ್ಲಿ ಕೂಲಿಯವರ ಲೈನ್ ಮನೆಗಳು ಆರು. ಅವುಗಳ ಸೂರು ಬಿಚ್ಚಿ ಹೊಸದಾಗಿ ಹೊದಿಸಲು ಏಪ್ರಿಲಿನಲ್ಲಿ ಶಾಂತಪ್ಪನನ್ನು ಕರೆಸಿದವನು ರೈಟರ್ ಜನಾರ್ದನ. ಎಸ್ಟೇಟಿನ ರೈಟರ್ ಅಂದರೆ ಕೂಲಿಯವರ ಹಾಜರಿ ಬರೆಯುವವನು. ಜನಾರ್ದನನ ಪುಸ್ತಕದಲ್ಲಿ ಮಾತ್ರ ಅರ್ಧಕ್ಕರ್ಧ ಕತೆಯೇ.

ಎಸ್ಟೇಟಿನ ಆಳುಗಳು ಆರೂ ಮನೆಗಳ ಹೆಂಚು ಇಳಿಸಿದರೆ ಕೆಳಗೆ ಬೈನೆ ರೀಪು. ತಾಳೆ ಜಾತಿಯ ಬೈನೆ ಮರದ ಗಟ್ಟಿ ಹೊರಮೈಯನ್ನು ಸೀಳಿ ಮಾಡಿದ್ದು, ಎಪ್ಪತ್ತು ವರ್ಷ ಒಲೆಯ ಹೊಗೆ ಕುಡಿದು ಕರ್ರಗಾದದ್ದು. ಶಾಂತಪ್ಪ ಕುಕ್ಕಿದ, ಠಣ್ ಅಂತು. ಇವನ್ನೇ ಉಜ್ಜಿ ವಾಪಸ್ ಹೊಡೆಯೋಣ, ಹತ್ತಕ್ಕೊಂದು ಹೊಸದು ಹಾಕಿದರೆ ಇನ್ನೊಂದು ತಲೆಮಾರಿಗಾಗುತ್ತದೆ ಎಂದ. ಜನಾರ್ದನ ಮೂಗಿಗೆ ಕರವಸ್ತ್ರ ಹಿಡಿದ. ಕಪ್ಪಗಿದ್ದದ್ದೆಲ್ಲ ಕೊಳೆತದ್ದು ಎನ್ನುವುದು ಅವನು ಕಲಿತ ಶಾಸ್ತ್ರ. ಅಷ್ಟನ್ನೂ ಸೌದೆಗೆ ಅಂತ ಬರೆದುಕೊಂಡ.

ಅದೇ ವಾರ ಎಸ್ಟೇಟಿನ ಹೊಸ ಹೋಂಸ್ಟೇಯ ಒಳಾಂಗಣ ಅಂದಗಾಣಿಸಲು ಹಂಸಿನಿ ಎಂಬಾಕೆ ಬಂದಳು. ಸೌದೆ ರಾಶಿ ನೋಡಿದವಳೇ ದೇವರನ್ನು ಕಂಡವಳಂತೆ ಕೈ ಜೋಡಿಸಿದಳು. ಇಂಥ ಬಣ್ಣ ಲಕ್ಷ ಸುರಿದರೂ ಸಿಗುವುದಿಲ್ಲವಂತೆ. ಬೆಳಿಗ್ಗೆ ಕೊಳೆತಿದ್ದ ಮರ ಮಧ್ಯಾಹ್ನದ ಹೊತ್ತಿಗೆ ಜನಾರ್ದನನ ಬಾಯಲ್ಲಿ ಪರಂಪರೆಯಾಯಿತು. ಹೋಂಸ್ಟೇಯ ಊಟದ ಹಾಲಿಗೆ ಕಾಂಕ್ರೀಟಿನ ತಾರಸಿ ಇತ್ತು. ಅದರ ಹೊಟ್ಟೆಗೆ ಆ ರೀಪುಗಳನ್ನು ಸ್ಕ್ರೂ ಹಾಕಿ ಬಿಗಿಯಬೇಕಾಯಿತು. ಹೊರಲು ಹೆಂಚಿಲ್ಲ, ತಡೆಯಲು ಮಳೆಯಿಲ್ಲ, ಸುಮ್ಮನೆ ತಲೆಕೆಳಗಾಗಿ ನೇತಾಡುವ ಕೆಲಸ. ಆ ಸ್ಕ್ರೂ ತಿರುಗಿಸಿದವನೂ ಶಾಂತಪ್ಪನೇ. ಐದು ದಿನ ಅದಕ್ಕೇ ಹೋಯಿತು. ಕತ್ತು ನೋವು ಬೇರೆ.

ಲೈನಿಗೆ ಬಂದದ್ದು ಸಿಲ್ವರ್ ಓಕ್, ತೋಟದವರ ಬಾಯಲ್ಲಿ ಬರೀ ಸಿಲ್ವರ್. ತೋಟದಲ್ಲಿ ನೆರಳಿಗಿದ್ದ ಮರಗಳನ್ನು ಕಡಿಸಿ, ಮರುದಿನವೇ ಕೊಯ್ಸಿದ ಹಸಿ ಪಟ್ಟಿ. ಮುಟ್ಟಿದರೆ ಕೈಗೆ ತೇವ. ಕುಕ್ಕಿದರೆ ದೊಪ್.

"ಇದಿನ್ನೂ ಒಣಗಿಲ್ಲ ರೈಟ್ರೇ. ಬಾಗ್ತದೆ, ಹೆಂಚು ಜಾರ್ತದೆ. ಆಮೇಲೆ ಹುಳ."

"ಲೈನಿಗೆ ತಾನೇ ಶಾಂತಪ್ಪ, ಅರಮನೆಗಲ್ವಲ್ಲ. ನಮ್ಮದೇ ಮರ, ಕಾಸು ಖರ್ಚಿಲ್ಲ. ಹೊಡಿ ನೀನು."

ಶಾಂತಪ್ಪ ಹೊಡೆದ. ಅದೇ ಅವನ ತಪ್ಪು. ಮೂವತ್ತೈದು ವರ್ಷ ಡಿಪೋದವರಿಗೆ ಬೆವರಿಳಿಸಿದವನು ಒಬ್ಬ ರೈಟರನ ಮುಂದೆ ಮೊಳೆ ಕಚ್ಚಿಕೊಂಡು ಏಣಿ ಹತ್ತಿದ. ಆರು ದಿನದಲ್ಲಿ ಮೊದಲ ಮನೆ ಮುಗಿಸಿದ. ಅದು ಸುಬ್ಬಿಯದು. ಇಪ್ಪತ್ತು ವರ್ಷದಿಂದ ಅದೇ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿರುವ ಹೆಂಗಸು.

ಮಳೆ ಹಿಡಿದು ಹತ್ತು ದಿನ. ಮಿಕ್ಕ ಪಟ್ಟಿ ಕೊಯ್ಸುವ ತನಕ ಊರಿಗೆ ಹೋಗಿದ್ದು, ಎರಡನೇ ಮನೆ ಶುರು ಮಾಡಲು ಬಂದ ಶಾಂತಪ್ಪ ತಲೆಯೆತ್ತಿದರೆ ಸುಬ್ಬಿಯ ಸೂರು ಮುದಿ ಹಸುವಿನ ಬೆನ್ನಿನಂತೆ ಕುಸಿದಿತ್ತು. ಒಳಗೆ ಒಲೆಯ ಮೇಲೆ ಅನ್ನದ ಪಾತ್ರೆಯಿಲ್ಲ, ಸೋರುವ ನೀರಿಗಿಟ್ಟ ಬಕೆಟ್ಟು. ರೈಟರನಿಗೂ ಎಸ್ಟೇಟಿನ ಒಡೆಯ ಸಾವ್ಕಾರರಿಗೂ ನಾಲ್ಕು ಬೈಗುಳ ಬೀಳುತ್ತವೆ, ತಾನೂ ಎರಡು ಸೇರಿಸೋಣ ಅಂದುಕೊಂಡು ಅವನು ನಿಂತ. ಸುಬ್ಬಿ ಬಕೆಟ್ ಚೆಲ್ಲಿ ಬಂದಳು.

"ಅವ್ರನ್ನ ಯಾಕೆ ಬೈಲಿ ಶಾಂತಪ್ಪಣ್ಣ? ಅವ್ರಿಗೆ ಮರ ಗೊತ್ತಿಲ್ಲ. ನಿಂಗೆ ಗೊತ್ತಿತ್ತು."

ಶಾಂತಪ್ಪ ಸುತ್ತಿಗೆಯನ್ನು ಚೀಲಕ್ಕೆ ಹಾಕಿ ನೇರ ಹೋಂಸ್ಟೇಗೆ ನಡೆದ. ಜನಾರ್ದನ ಅದೇ ರೀಪುಗಳ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದ. ಕೆಸರುಗಾಲಲ್ಲಿ ಒಳಗೆ ಬರಬೇಡ ಎಂದ. ಶಾಂತಪ್ಪ ಬಂದ. ಉಳಿದ ಐದು ಮನೆ ಮುಗಿಸಿದರೆ ಹನ್ನೊಂದು ದಿನದ್ದೂ ಸೇರಿಸಿ ಕೊಡುತ್ತೇನೆ ಎಂದು ಜನಾರ್ದನ ದೊಡ್ಡ ಮನಸ್ಸು ಮಾಡಿದ.

"ಸಿಲ್ವರ್ ಹೊಡೆಯಲ್ಲ," ಎಂದ ಶಾಂತಪ್ಪ, ಮೇಲೆ ಕೈ ತೋರಿಸಿ. "ಇದನ್ನ ಇಳಿಸಿಕೊಡಿ. ಸುಬ್ಬಿ ಮನೆಯಿಂದ ಈಗ್ಲೇ ಶುರು ಮಾಡ್ತೀನಿ. ಅದಕ್ಕೆ ಕೂಲಿ ಬೇಡ, ಅದು ನನ್ನ ತಪ್ಪು. ಈ ಹನ್ನೊಂದು ದಿನದ್ದು ಬೇಕು."

ಅತಿಥಿಗಳು ಇಷ್ಟಪಟ್ಟಿದ್ದಾರೆ, ಇಳಿಸಲು ಬರುವುದಿಲ್ಲ ಎಂದ ಜನಾರ್ದನ. ಹಾಜರಿ ಪುಸ್ತಕದಲ್ಲಿ 'ಕೆಲಸ ಅರ್ಧಕ್ಕೆ ಬಿಟ್ಟು ಹೋದ' ಅಂತ ಬರೆದ. ಆರೂ ಮನೆಗಳ ಮೇಲೆ ಈಗ ನೀಲಿ ಟಾರ್ಪಾಲು, ಅದರ ಮೇಲೆ ಕಲ್ಲು. ಶಾಂತಪ್ಪ ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ಹೋಂಸ್ಟೇ ಗೇಟಿನಲ್ಲಿ ನಿಂತು ಅದೇ ಮಾತು ಹೇಳಿ ಹೋಗುತ್ತಾನೆ. ಜೊತೆಗೆ ಸುಬ್ಬಿಯೂ ನಿಲ್ಲುತ್ತಾಳೆ, ಆ ದಿನದ ಹಾಜರಿ ಕಳೆದುಕೊಂಡು.

ಕೊಡಗಿಗೆ ಮಳೆ ನೋಡಲು ಬರುವ ನೀವು ಅಂಥ ಹಾಲಿನಲ್ಲಿ ಊಟಕ್ಕೆ ಕೂರುತ್ತೀರಿ. ಫೋಟೋ ತೆಗೆಯಲು ಹೇಗೂ ತಲೆ ಎತ್ತುತ್ತೀರಿ. ಹಾಗೆಯೇ ಎತ್ತಿಕೊಂಡು ಕೇಳಿ: ಇದು ಯಾರ ಸೂರಿನದು, ಅವರ ತಲೆ ಮೇಲೆ ಈಗ ಏನಿದೆ, ಹೊಡೆದವನ ಕೂಲಿ ಕೊಟ್ಟಿದ್ದೀರಾ? ಉತ್ತರ ಬರುವ ತನಕ ಬಿಲ್ ಕಟ್ಟಬೇಡಿ.